ಮೋಟ್ ಸಾಹೇಬರ ಮಗಳು

೮ ಸೆಪ್ಟೆಂಬರ್ ೧೯೯೬, ಭಾನುವಾರ

ನೂರಾ ಹನ್ನೊಂದು ಫೈಲ್ ಹೊರಗೆ ಹೋದವು, ತೊಂಬತ್ತೆಂಟು ವಾಪಸ್ ಬಂದವು. ಉಳಿದ ಹದಿಮೂರು ಯಾವ ಡಾಕ್ಟರ ಮೇಜಿನ ಕೆಳಗೆ ಬಿದ್ದಿವೆಯೋ. ನಾಳೆ ಮಹಡಿ ಮಹಡಿ ಹತ್ತಬೇಕು. ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್‌ನಲ್ಲಿ ಹನ್ನೊಂದು ವರ್ಷ. ಮಂಡಿ ನೋವು, ಧೂಳಿನ ಕೆಮ್ಮು, ಮತ್ತೆ ಯಾರ ಕೈಬರಹವನ್ನಾದರೂ ಓದುವ ವಿದ್ಯೆ — ಇಷ್ಟೇ ನಾನು ಗಳಿಸಿದ್ದು.

ಮಧ್ಯಾಹ್ನ ಮೇಟ್ರನ್ ಮಿಸ್ ಬೇನ್ ಇಳಿದು ಬಂದರು. ಕೈಯಲ್ಲೊಂದು ಕಂದು ಲಕೋಟೆ. ಫೈಲ್ ಕೇಳುವುದಕ್ಕಲ್ಲ. ನಮ್ಮ ಮೈಕ್ರೋಫಿಶ್ ರೀಡರ್ ಬೇಕಂತೆ — ಹಳೆಯ ಕೇಸ್‌ಶೀಟುಗಳ ಫಿಲ್ಮ್ ದೊಡ್ಡದು ಮಾಡಿ ತೋರಿಸುವ ಮೆಷಿನ್. ಲಕೋಟೆಯೊಳಗೆ ಅಂಗೈಯಗಲದ ನೀಲಿ ಫಿಲ್ಮ್ ಹಾಳೆಗಳು. ಅವರು ಸ್ಕಾಟ್ಲೆಂಡಿನವರು. ಅಲ್ಲಿ ವಂಶಾವಳಿ ಹುಡುಕುವವರದೇ ಒಂದು ಸಂಘ ಇದೆಯಂತೆ. ಹಳೆಯ ಚರ್ಚ್ ರಿಜಿಸ್ಟರುಗಳನ್ನು ಫಿಲ್ಮ್ ಮಾಡಿ ಸದಸ್ಯರಿಗೆ ಅಂಚೆಯಲ್ಲಿ ಕಳಿಸುತ್ತಾರಂತೆ. ಅದನ್ನು ನೋಡುವ ಮೆಷಿನ್ ದೋಹಾದಲ್ಲಿ ಬೇರೆಲ್ಲೂ ಅವರಿಗೆ ಸಿಕ್ಕಿಲ್ಲ.

ನಮ್ಮ ಇನ್‌ಚಾರ್ಜ್ ಶಾಹುಲ್ ಹಮೀದ್ ಸರ್ ಉಳ್ಳಾಲದವರು. ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು.

“ಎಂತ ಕಾಂತಾಮಣಿಯವ್ರೇ, ಇದು ಪೇಶಂಟುಗಳದ್ದಾ?”

“ಅಲ್ಲ ಸರ್. ಅವರ ಅಜ್ಜ ಮುತ್ತಜ್ಜಂದಿರದು.”

“ಸತ್ತವರದ್ದಾ? ಹಾಗಾದ್ರೆ ಕಂಪ್ಲೇಂಟ್ ಕೊಡ್ಲಿಕ್ಕೆ ಯಾರೂ ಬರುದಿಲ್ಲ. ಲಂಚ್ ಟೈಮಲ್ಲಿ ನೋಡ್ಲಿ. ಬಲ್ಬ್ ಸುಟ್ಟರೆ ಮಾತ್ರ ಖಲಾಸ್. ಸ್ಟೋರಲ್ಲಿ ಇನ್ನೊಂದು ಮಾಫಿ, ಇಲ್ಲವೇ ಇಲ್ಲ.”

೧೭ ಸೆಪ್ಟೆಂಬರ್, ಮಂಗಳವಾರ

ಮಿಸ್ ಬೇನ್ ದಿನಾ ಬರುತ್ತಾರೆ. ಒಂದು ಕೈಯಲ್ಲಿ ಸ್ಯಾಂಡ್‌ವಿಚ್, ಇನ್ನೊಂದು ಕೈ ಮೆಷಿನ್ನಿನ ಹಿಡಿಯ ಮೇಲೆ. ಮೂರು ದಿನದಿಂದ ಒಂದೇ ಪುಟ. ೧೭೯೦ರ ಸುಮಾರಿನ ಬ್ಯಾಪ್ಟಿಸಂ ದಾಖಲೆ. ಅವರ ಮುತ್ತಜ್ಜನ ಅಜ್ಜನ ಹೆಸರಿನ ಮುಂದೆ ಒಂದು ಪದ. ಓದಲಾಗುತ್ತಿಲ್ಲ.

ನಾನು ಬಗ್ಗಿ ನೋಡಿದೆ. ನಮ್ಮ ಹಾರ್ಟ್ ಡಾಕ್ಟರು ಎಸ್ ಅಕ್ಷರವನ್ನು ಹೀಗೇ ಉದ್ದಕ್ಕೆ ಎಳೆಯುತ್ತಾರೆ. “ಮೇಸನ್” ಅಂದೆ. ಕಲ್ಲು ಕಟ್ಟುವವನು. ಮಿಸ್ ಬೇನ್ ಆ ಪದವನ್ನು ಮತ್ತೊಮ್ಮೆ ಓದಿ ನೋಡಿದರು. ಆಮೇಲೆ ಎದ್ದು ನನ್ನ ಕೈ ಕುಲುಕಿದರು — ಡಾಕ್ಟರುಗಳ ಕೈ ಕುಲುಕುವ ಹಾಗೆ.

ಹೋಗುವಾಗ ಒಂದು ಖಾಲಿ ಚಾರ್ಟ್ ಕೊಟ್ಟರು. ಬಲಕ್ಕೆ ಹೋದಂತೆ ಕವಲೊಡೆಯುವ, ಹೆಸರು ತುಂಬುವ ಮನೆಗಳು. ನಿನ್ನಿಂದ ಶುರುಮಾಡು, ಹಿಂದಕ್ಕೆ ಹೋಗು ಎಂದರು. ಕೇಳಿದ್ದನ್ನು ಪೆನ್ಸಿಲ್‌ನಲ್ಲಿ ಬರೆ. ಕಾಗದ ಸಿಕ್ಕ ಮೇಲೆ ಇಂಕ್‌ನಲ್ಲಿ.

ಸಂಜೆ ಊಟದ ಮೇಜಿನ ಮೇಲೆ ಹರಡಿಕೊಂಡೆ. ಅಪ್ಪನ ಕಡೆ ಸಲೀಸು. ಅಪ್ಪ ಸ್ಯಾಮುಯೆಲ್, ತಾತ ಯೋಸೇಫಪ್ಪ, ಗುಬ್ಬಿಯಲ್ಲಿ ಮೊದಲು ಕ್ರೈಸ್ತನಾದ ಮುತ್ತಾತ. ಅಮ್ಮನ ಕಡೆ — ಅಮ್ಮ ಜೀವರತ್ನಮ್ಮ. ಅಜ್ಜಿ ಮಾರ್ತಮ್ಮ. ಅಜ್ಜನ ಮನೆ ಖಾಲಿ. ಕೋಲಾರದ ಚಿನ್ನದ ಗಣಿಯಲ್ಲಿದ್ದ ಯಾರೋ ಒಬ್ಬ ಬಿಳಿ ದೊರೆ ಅನ್ನುವುದಷ್ಟೇ ಗೊತ್ತು. ಅಮ್ಮನ ಬೆಕ್ಕಿನ ಕಣ್ಣು ಅಲ್ಲಿಂದ ಬಂದದ್ದು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

ಜೇಕಬ್ ಹಿಂದೆ ನಿಂತು ನೋಡಿದರು. “ಅತ್ತೆ ಬರ್ತಾರಲ್ಲ ಮುಂದಿನ ತಿಂಗಳು, ಅವ್ರನ್ನೇ ಕೇಳು.”

“ನೀವೇ ಕೇಳಿ ನೋಡೋಣ ರೀ.”

ನಕ್ಕು ಟಿವಿ ಹಾಕಿದರು.

೧೬ ಅಕ್ಟೋಬರ್, ಬುಧವಾರ

ಅಮ್ಮ ಬಂದು ನಾಲ್ಕು ದಿನ. ವಿಸಿಟ್ ವೀಸಾ. ಹುರಿಹಿಟ್ಟು, ಚಟ್ನಿಪುಡಿ, ಮೈಸೂರಲ್ಲಿ ಅಣ್ಣ ಕಟ್ಟಿಕೊಟ್ಟ ವೀಳ್ಯದೆಲೆ. ಬಿನ್ ಮಹಮೂದ್ ಬಡಾವಣೆಯ ಈ ಫ್ಲ್ಯಾಟು ಅವಳಿಗೆ ಹಿಡಿಸಿದೆ. ಬಾಲ್ಕನಿಯಲ್ಲಿ ನಿಂತು ಕೆಳಗಿನ ಕೇರಳದ ಅಂಗಡಿಗೆ ಯಾರು ಬಂದರು, ಏನು ಕೊಂಡರು, ಎಲ್ಲ ಲೆಕ್ಕ ಇಡುತ್ತಾಳೆ. ವಯಸ್ಸು ಎಪ್ಪತ್ತೈದು. ಎಡಗಣ್ಣಿಗೆ ಪೊರೆ. ಭೂತಗನ್ನಡಿ ಹಿಡಿದು ಬೈಬಲ್ ಓದುತ್ತಾಳೆ. ತುಮಕೂರಿನ ಮಿಷನ್ ಸ್ಕೂಲಿನಲ್ಲಿ ಮೂವತ್ತು ವರ್ಷ ಟೀಚರಾಗಿದ್ದವಳು. ಈಗಲೂ ನನ್ನ ಕಾಗುಣಿತ ತಿದ್ದುತ್ತಾಳೆ.

ಇವತ್ತು ಬಟ್ಟೆ ಮಡಿಸುವಾಗ ಕೇಳಿಯೇಬಿಟ್ಟೆ. “ಅಮ್ಮ, ನಿಮ್ಮಪ್ಪನ ಹೆಸರೇನು?”

ಕೈ ನಿಲ್ಲಲಿಲ್ಲ. “ಬಿಟ್ಟು ಹೋದವ್ರಿಗೆ ಹೆಸರು ಯಾಕೆ?”

ಅಷ್ಟೇ ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು, ಹಾಲು ಕಾಯಿಸುತ್ತಿದ್ದಾಗ ತಾನಾಗಿಯೇ —

“ಬೋರ್ಡಿಂಗ್‌ನಲ್ಲಿ ಹುಡುಗೀರು ನನ್ನ ಮೋಟು ಮೋಟು ಅಂತ ಕರೀತಿದ್ರು. ನಾನೇನು ಕುಳ್ಳಿ ಅಲ್ಲ.”

“ಮತ್ಯಾಕೆ?”

“ರಿಜಿಸ್ಟರ್‌ನಲ್ಲಿ ಹಾಗೆ ಬರ್ದಿತ್ತು. ಮೋಟ್ ಸಾಹೇಬರ ಮಗಳು ಅಂತ. ಸಾಕು. ಹಾಲು ಉಕ್ಕತ್ತೆ ನೋಡು.”

೧೯ ಅಕ್ಟೋಬರ್, ಶನಿವಾರ

ಮಿಸ್ ಬೇನ್‌ಗೆ ಹೇಳಿದೆ. ಅಮ್ಮ ಹೇಳುವ ಹಾಗೇ ಹೇಳು ಎಂದರು. ಹೇಳಿದೆ. ಇನ್ನೊಂದು ಸಲ. ಮತ್ತೊಂದು ಸಲ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ನನ್ನ ಪೆನ್ಸಿಲ್ ತೆಗೆದುಕೊಂಡು ಅಜ್ಜನ ಖಾಲಿ ಮನೆಯಲ್ಲಿ ಇಂಗ್ಲಿಷಿನಲ್ಲಿ ಐದಕ್ಷರ ಬರೆದರು. ಮೋವಟ್.

ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ಕೇತ್ನೆಸ್ ಅಂತ ಒಂದು ಸೀಮೆ. ಅಲ್ಲಿ ಈ ಹೆಸರಿನವರು ಬೇಕಾದಷ್ಟು. ಬೇಗ ಬೇಗ ಹೇಳಿದರೆ ಮೋಟ್ ಅಂತಲೇ ಕೇಳಿಸುತ್ತದೆ ಎಂದರು. ಯಾರೋ ಪಾದ್ರಿ ಕಿವಿಗೆ ಬಿದ್ದಂತೆ ಬರೆದಿರಬೇಕು.

ಸಂಘದವರು ಯಾರು ಯಾವ ಮನೆತನ ಹುಡುಕುತ್ತಿದ್ದಾರೆ ಅನ್ನುವುದಕ್ಕೂ ಒಂದು ಫಿಲ್ಮ್ ಇದೆ. ಮೋವಟ್ ಹುಡುಕುವವರು ಆರು ಜನ. ಆರೂ ಜನರಿಗೆ ಕಾಗದ ಬರೆಯೋಣ ಎಂದರು. ಇಂಡಿಯಾದಲ್ಲಿದ್ದ ಬಿಳಿಯರ ಮದುವೆ, ಮರಣದ ದಾಖಲೆಗಳು ಲಂಡನ್ನಿನಲ್ಲಿವೆಯಂತೆ. ಅಲ್ಲಿರುವ ಸಂಘದ ಒಬ್ಬ ಸದಸ್ಯ ಹೋಗಿ ಹುಡುಕಿಕೊಡುತ್ತಾನೆ. ಬದಲಿಗೆ, ಅವನ ಬಳಿ ಒಂದು ಶವಸಂಸ್ಕಾರದ ರಿಜಿಸ್ಟರಿನ ಇಪ್ಪತ್ತೆರಡು ಪುಟ ಇದೆ, ಯಾರಿಗೂ ಓದಲಾಗಿಲ್ಲ...

“ನಾನು ಓದ್ತೀನಿ” ಅಂದೆ. ಯೋಚಿಸುವ ಮೊದಲೇ.

ಅಮ್ಮನಿಗೆ ಹೇಳಲಿಲ್ಲ. ಪೆನ್ಸಿಲ್ ಸುದ್ದಿಯನ್ನು ಹೇಳಿ ಏನು ಪ್ರಯೋಜನ.

೯ ನವೆಂಬರ್, ಶನಿವಾರ

ಶವಸಂಸ್ಕಾರದ ರಿಜಿಸ್ಟರಿನ ಹದಿನೇಳು ಪುಟ ಮುಗಿಯಿತು. ಬರೆದವನಿಗೆ ಕೈ ನಡುಕ ಇದ್ದಿರಬೇಕು. ಒಂದೇ ವಾರದಲ್ಲಿ ಒಂದೇ ಮನೆಯ ಮೂರು ಮಕ್ಕಳು. ಮೂರನೆಯದರ ಹೆಸರಿನ ಮೇಲೆ ಶಾಯಿ ಚೆಲ್ಲಿದೆ. ಶಾಹುಲ್ ಸರ್ ಬಗ್ಗಿ ನೋಡಿ, “ಇದೆಂತ ಬರ್ದದ್ದು?” ಅಂದರು. ಜ್ವರ ಅಂದೆ. “ಅಲ್ಲಿಯೂ ಜ್ವರವೇ” ಎಂದು ಮೆಲ್ಲಗೆ ಹೇಳಿ ತಮ್ಮ ಮೇಜಿಗೆ ಹೋದರು.

ಆರು ಕಾಗದಗಳಲ್ಲಿ ಮೂರಕ್ಕೆ ಉತ್ತರ ಬಂದಿದೆ. ಎರಡರಲ್ಲಿ ಗೊತ್ತಿಲ್ಲ, ಕ್ಷಮಿಸಿ. ಮೂರನೆಯದರಲ್ಲಿ ಇಂಡಿಯಾಕ್ಕೆ ಹೋದ ಒಬ್ಬ ವಿಲಿಯಂ ಮೋವಟ್! ಚಾರ್ಟಿನಲ್ಲಿ ಆಗಲೇ ಪೆನ್ಸಿಲ್‌ನಲ್ಲಿ ಬರೆದುಬಿಟ್ಟೆ. ಪುಟ ತಿರುಗಿಸಿದೆ. ಸಿಪಾಯಿ. ಕರಾಚಿಯಲ್ಲಿ ಸತ್ತದ್ದು ೧೯೧೧ರಲ್ಲಿ. ಅಮ್ಮ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು.

ಬರೆದಿದ್ದ ‘ವಿಲಿಯಂ’ ಅನ್ನು ರಬ್ಬರಿನಿಂದ ಅಳಿಸಿದೆ. ಕಾಗದ ತೆಳ್ಳಗಾಯಿತು.

೨೨ ನವೆಂಬರ್, ಶುಕ್ರವಾರ

ಏನು ಬರೆಯಲಿ.

ಪ್ರಾರ್ಥನೆ ಮುಗಿಸಿ ಬರುವಾಗ ಜೇಕಬ್ ಅಂಚೆ ಪೆಟ್ಟಿಗೆ ನೋಡಿಕೊಂಡು ಬಂದರು. ನನಗೊಂದು ಕಾಗದ. ಓದಿ ಮೇಜಿನ ಮೇಲಿಟ್ಟು ಅಡುಗೆಗೆ ಹೋದೆ — ಮತ್ತೆ ಅದೇ ‘ಕ್ಷಮಿಸಿ’. ಹೊರಗೆ ಬಂದಾಗ ಅಮ್ಮ ಭೂತಗನ್ನಡಿ ಹಿಡಿದು ಕೂತಿದ್ದಳು.

“ಇದು ಯಾರ ವಿಷಯ ಕಾಂತಾ?”

ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಚಾರ್ಟು, ಆರು ಕಾಗದ, ಲಂಡನ್.

“ನಾನಿನ್ನೂ ಬದುಕಿದ್ದೀನಲ್ಲೇ? ನನ್ನೊಂದು ಮಾತು ಕೇಳದೆ ನನ್ನ ಹುಟ್ಟನ್ನ ಅಂಚೆಗೆ ಹಾಕಿದ್ಯಾ?”

“ಬರೀ ಒಂದು ಹೆಸರು ಅಮ್ಮ...”

“ಬರೀ ಹೆಸರಾ? ನನ್ನ ಮದುವೆ ದಿನ, ರಿಜಿಸ್ಟರ್‌ನಲ್ಲಿ ತಂದೆ ಹೆಸರು ಬರ್ಯೋ ಜಾಗದಲ್ಲಿ ಪಾದ್ರಿಗಳು ಒಂದು ಗೀಟು ಎಳೆದ್ರು. ಸಭೆಯೆಲ್ಲ ನೋಡ್ತಾ ಇತ್ತು. ನಿಮ್ಮಪ್ಪ ದೊಡ್ಡ ಮನುಷ್ಯ, ಸಹಿ ಹಾಕಿ ನನ್ನ ಕೈ ಹಿಡಿದು ಹೊರಗೆ ಕರ್ಕೊಂಡು ಬಂದ. ಆ ಗೀಟು ಇನ್ನೂ ಅಲ್ಲೇ ಇದೆ.”

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಬರಲಿಲ್ಲ.

ಅವಳು ಹೇಳಿದ್ದು ಸರಿ. ಆಸ್ಪತ್ರೆಯಲ್ಲಿ ಪೇಶಂಟಿನ ಸಹಿ ಇಲ್ಲದೆ ಒಂದು ಹಾಳೆ ಹೊರಗೆ ಕೊಡದವಳು ನಾನು.

೨೭ ನವೆಂಬರ್, ಬುಧವಾರ

ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಜೇಕಬ್ ಜೊತೆ ಮಾತ್ರ ಚೆನ್ನಾಗಿ ಮಾತಾಡುತ್ತಾಳೆ. ನನಗೆ ಕೇಳಿಸಲಿ ಅಂತಲೇ.

ಮಿಸ್ ಬೇನ್‌ಗೆ ನಿಲ್ಲಿಸೋಣ ಎಂದೆ. ತಪ್ಪು ನನ್ನದೂ ಇದೆ, ಬದುಕಿರುವವರನ್ನು ಮೊದಲು ಕೇಳಬೇಕಿತ್ತು ಎಂದರು. ಆದರೆ ನನ್ನ ಇಪ್ಪತ್ತೆರಡು ಪುಟ ಲಂಡನ್ ಸೇರಿಯಾಗಿದೆ. ಆತ ಹುಡುಕಲು ಹೊರಟಿರಬಹುದು. ಬೇಡ ಎಂದು ಬರೆದರೂ ಕಾಗದ ತಲುಪುವಷ್ಟರಲ್ಲಿ...

ಚಾರ್ಟನ್ನು ಡ್ರಾಯರಿನ ತಳಕ್ಕೆ ಹಾಕಿದೆ.

೧೪ ಡಿಸೆಂಬರ್, ಶನಿವಾರ

ಬೆಳಗ್ಗೆ ಮಳೆ. ಅಪರೂಪಕ್ಕೆ. ಮುಶೈರಿಬ್ ರಸ್ತೆಯಲ್ಲೆಲ್ಲ ನೀರು ನಿಂತು ಬಸ್ಸು ಅರ್ಧ ಗಂಟೆ ತಡ.

ಮಿಸ್ ಬೇನ್ ಕಾಯುತ್ತಿದ್ದರು. ಲಂಡನ್ನಿನಿಂದ ಅವರ ವಿಳಾಸಕ್ಕೆ ಲಕೋಟೆ ಬಂದಿದೆ. ಒಡೆದಿರಲಿಲ್ಲ. “ಇದು ನಿನ್ನ ತಾಯಿಗೆ ಸೇರಿದ್ದು” ಎಂದು ಕೈಗಿಟ್ಟರು. ಇಡೀ ದಿನ ಪರ್ಸಿನಲ್ಲಿತ್ತು. ಮೂರು ಫೈಲ್ ತಪ್ಪು ಕಪಾಟಿಗೆ ಹಾಕಿದೆ. ಶಾಹುಲ್ ಸರ್ ಬೈಯಲಿಲ್ಲ.

ಮನೆಗೆ ಬಂದು ಅಮ್ಮನ ಎದುರು ನಿಂತೆ. “ಲಂಡನ್ನಿಂದ ಕಾಗದ ಬಂದಿದೆ. ನಾನು ನೋಡಿಲ್ಲ. ನೋಡ್ಬೇಕೋ ಬೇಡ್ವೋ ನೀನೇ ಹೇಳು. ಬೇಡ ಅಂದ್ರೆ ಹರಿದು ಹಾಕ್ತೀನಿ.”

ಲಕೋಟೆಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು.

“ಅಲ್ಲಿಡು.”

ಫ್ರಿಜ್ ಮೇಲಿಟ್ಟೆ.

೧೬ ಡಿಸೆಂಬರ್, ಸೋಮವಾರ

ಎರಡು ದಿನ ಅಲ್ಲೇ ಇತ್ತು. ಸಂಜೆ ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ.

“ಕತ್ತರಿ ತಗೊಂಡ್ಬಾ.”

ಒಂದೇ ಹಾಳೆ. ಮದುವೆ ದಾಖಲೆಯ ನಕಲು. ಓದು ಎಂದಳು. ಓದಿದೆ. ೧೯೧೯, ಅಕ್ಟೋಬರ್ ನಾಲ್ಕು. ಊರು ಮಾರಿಕುಪ್ಪಂ. ವಿಲಿಯಂ ಮೋವಟ್, ಮೂವತ್ತೆರಡು ವರ್ಷ, ಅವಿವಾಹಿತ, ಗಣಿಯಲ್ಲಿ ಮರಗೆಲಸದ ಮೇಸ್ತ್ರಿ. ತಂದೆ ಡೊನಾಲ್ಡ್ ಮೋವಟ್, ಮೀನುಗಾರ. ಮಾರ್ತ, ಹತ್ತೊಂಬತ್ತು ವರ್ಷ, ಅವಿವಾಹಿತೆ. ಅವಳ ತಂದೆಯ ಹೆಸರು ಚೌಡಪ್ಪ — ಅದನ್ನೂ ಕಿವಿಗೆ ಬಿದ್ದಂತೆ ಬರೆದಿದ್ದಾರೆ.

ಕೆಳಗೆ ಗಂಡಿನ ಸಹಿ. ಅದರ ಕೆಳಗೆ ಒಂದು ಇಂಟು ಗುರುತು. ‘ವಧುವಿನ ಗುರುತು’ ಅಂತ ಪಕ್ಕದಲ್ಲಿ ಪಾದ್ರಿಯ ಕೈ.

ಅಮ್ಮ ಹಾಳೆ ಕಿತ್ತುಕೊಂಡಳು. ಕಿಟಕಿ ಹತ್ತಿರ ಹೋಗಿ ಭೂತಗನ್ನಡಿ ಹಿಡಿದಳು. ಬೇರೆ ಏನನ್ನೂ ನೋಡಲಿಲ್ಲ. ಆ ಗುರುತನ್ನೇ. ಒಂದು ಗೆರೆ ಗಟ್ಟಿಯಾಗಿದೆ, ಇನ್ನೊಂದು ತುದಿಯಲ್ಲಿ ಅಲುಗಿದೆ.

“ನಮ್ಮಮ್ಮನ ಕೈ ಇದು.”

ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಮದುವೆ ಆಗಿತ್ತು ಅಂತ ಸಾಯೋವರೆಗೂ ಹೇಳಿದಳು ಕಣೇ. ಕಾಗದ ಎಲ್ಲಿ ಅಂತ ಎಲ್ರೂ ಕೇಳೋರು. ಕಾಗದ ಇರಲಿಲ್ಲ. ಒಂದ್ಸಲ ನಾನೂ ಕೇಳ್ದೆ. ನಂಗೆ ಹದಿನಾರು. ‘ಯಾಕಮ್ಮ ಸುಳ್ಳು ಹೇಳ್ತೀಯಾ’ ಅಂದ್ಬಿಟ್ಟೆ.”

“ಅಜ್ಜಿ ಏನಂದ್ರು?”

“ಸೊಪ್ಪು ಸೋಸ್ತಾ ಇದ್ಲು. ಸೋಸ್ತಾನೇ ಇದ್ಲು.”

ಅವಳ ಪಕ್ಕ ಕೂತೆ. ಜೇಕಬ್ ಬಾಗಿಲಲ್ಲಿ ನಿಂತಿದ್ದವರು, “ಅತ್ತೆ, ಕಾಫಿ ಮಾಡ್ಲಾ?” ಅಂದರು. ಅವರು ಮಾಡುವ ಕಾಫಿಯನ್ನು ದೇವರೇ ಕುಡಿಯಬೇಕು. ಅಮ್ಮ ಲೋಟ ಬರಿದು ಮಾಡಿದಳು.

೨೦ ಡಿಸೆಂಬರ್, ಶುಕ್ರವಾರ

ತಾನೇ ಡ್ರಾಯರಿನಿಂದ ಚಾರ್ಟ್ ತೆಗೆಸಿದಳು. “ಇಂಕ್‌ನಲ್ಲಿ ಬರೀ” ಎಂದಳು. ಬರೆದೆ. ವಿಲಿಯಂ ಮೋವಟ್. ಅಳಿಸಿ ತೆಳ್ಳಗಾದ ಜಾಗ, ಶಾಯಿ ಸ್ವಲ್ಪ ಹರಡಿತು.

ಒಂದೊಂದಾಗಿ ಹೇಳುತ್ತಿದ್ದಾಳೆ. ಮೂರು ಚಿಲ್ಲರೆ ವರ್ಷದ ನೆನಪು, ಹೆಚ್ಚಿಲ್ಲ. ಯಾರೋ ಹೆಗಲ ಮೇಲೆ ಕೂರಿಸಿಕೊಂಡು ಗಣಿಯ ದೊಡ್ಡ ಚಕ್ರ ತಿರುಗುವುದನ್ನು ತೋರಿಸಿದ್ದು. ಕೆಂಪು ಕೂದಲು ಮುಷ್ಟಿಯಲ್ಲಿ ಹಿಡಿದದ್ದು. ಕೆಮ್ಮು — ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಿತ್ತು. ಆಮೇಲೆ ರೈಲು. ಆಮೇಲೆ ಅವರಿಲ್ಲ. ಬೇಗ ಬರ್ತೀನಿ ಅಂತ ಹೇಳಿ ಹೋದರಂತೆ. ಕಂಪನಿಯ ಕ್ವಾರ್ಟರ್ಸ್ ಬಿಡಬೇಕಾಯಿತು. ಅಜ್ಜಿ ತುಮಕೂರಿಗೆ ಬಂದು ಮಿಷನ್ ಆಸ್ಪತ್ರೆಯಲ್ಲಿ ಆಯಾ ಆದಳು. ಮಗಳನ್ನು ಬೋರ್ಡಿಂಗಿಗೆ ಹಾಕಿದಳು.

“ಮದುವೆ ಅಂತೂ ಮಾಡ್ಕೊಂಡ. ಮತ್ಯಾಕೆ ಬಿಟ್ಟು ಹೋದ? ಅದನ್ನೂ ಕೇಳು ಅವ್ರನ್ನ. ಈ ಸಲ ನನ್ನ ಹೆಸರು ಹಾಕಿ ಕೇಳು.”

ಆರರಲ್ಲಿ ಉತ್ತರ ಬಾರದವರು ಇಬ್ಬರು. ಇಬ್ಬರಿಗೂ ಅಮ್ಮ ಹೇಳಿದಳು, ನಾನು ಬರೆದೆ. ಕೆಳಗೆ ಸಹಿ ಅವಳದೇ. ಟೀಚರ ಅಕ್ಷರ, ಗೆರೆ ಎಳೆದ ಹಾಗೆ. ಮದುವೆ ದಾಖಲೆಯ ನಕಲು ಮಾಡಿಸಲು ಜೇಕಬ್ ಮುಶೈರಿಬ್‌ಗೆ ಹೋದರು. ಒಂದರ ಬದಲು ಹತ್ತು ಮಾಡಿಸಿಕೊಂಡು ಬಂದಿದ್ದಾರೆ. “ಇರ್ಲಿ ಅತ್ತೆ” ಅಂದರು. ಅಮ್ಮ ಒಂದನ್ನು ಬೈಬಲಿನಲ್ಲಿಟ್ಟುಕೊಂಡಳು.

೧೨ ಜನವರಿ ೧೯೯೭, ಭಾನುವಾರ

ರಮ್ಜಾನ್. ಡ್ಯೂಟಿ ಗಂಟೆ ಕಡಿಮೆ. ಟೀ ಕುಡಿಯಬೇಕೆಂದರೆ ಒಳಗಿನ ಕೋಣೆ. ಶಾಹುಲ್ ಸರ್ ಉಪವಾಸದಲ್ಲಿ ಗಂಟಲು ಒಣಗಿದ್ದರೂ ದಿನಾ ಕೇಳುತ್ತಾರೆ.

“ಲೆಟರ್ ಬಂತಾ?”

“ಇಲ್ಲ ಸರ್.”

“ಬರ್ತದೆ. ಅಲ್ಲಿ ಕ್ರಿಸ್‌ಮಸ್ಸಿಗೆ ಪೋಸ್ಟಿನವರಿಗೆ ರಜೆ ಇರ್ತದಲ್ಲ.”

ಅಮ್ಮನ ವೀಸಾ ಒಂದು ತಿಂಗಳು ಮುಂದುವರಿಸಿದ್ದಾಯಿತು. ಫೆಬ್ರವರಿ ಹನ್ನೆರಡಕ್ಕೆ ಹೊರಡಲೇಬೇಕು. ಕಾಗದದ ವಿಷಯ ಅವಳು ಕೇಳುವುದಿಲ್ಲ. “ಜೇಕಬ್ ಬಂದ್ರಾ? ಅಂಚೆ ಪೆಟ್ಟಿಗೆ ಕಡೆ ಹೋಗಿದ್ರಂತಾ?” ಇಷ್ಟು ಮಾತ್ರ. ದಿನಕ್ಕೆ ಎರಡು ಸಲ.

೨೧ ಜನವರಿ, ಮಂಗಳವಾರ

ಬಂತು.

ದಪ್ಪ ಲಕೋಟೆ. ಅಮ್ಮನ ಹೆಸರಿಗೇ. ಯಾರಿಗೂ ಕೊಡಲಿಲ್ಲ, ತಾನೇ ಗಟ್ಟಿಯಾಗಿ ಓದಿದಳು, ಕ್ಲಾಸಿನಲ್ಲಿ ಓದುವ ಹಾಗೆ. ನಡುನಡುವೆ ನಿಂತು.

ಬರೆದವರು ಎಫಿ ಸದರ್ಲೆಂಡ್, ಎಪ್ಪತ್ತೇಳು ವರ್ಷ. ತವರಿನ ಹೆಸರು ಮೋವಟ್. ಅವರ ತಂದೆ ವಿಲಿಯಂನ ತಮ್ಮ. ಅಂದರೆ ಅಮ್ಮನಿಗೆ ಚಿಕ್ಕಪ್ಪನ ಮಗಳು. ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದರಂತೆ, ಅದಕ್ಕೇ ಮೊದಲ ಕಾಗದಕ್ಕೆ ಉತ್ತರ ಬರೆದಿರಲಿಲ್ಲ.

ಗಣಿಯ ಕಲ್ಲುಧೂಳು ಅಜ್ಜನ ಪುಪ್ಪುಸ ತಿಂದುಹಾಕಿತ್ತು. ಊರಿನ ಗಾಳಿಗೆ ಸರಿಹೋದೀತು ಎಂದು ಕಂಪನಿ ಡಾಕ್ಟರು ಹಡಗು ಹತ್ತಿಸಿದ್ದರು. ಏಪ್ರಿಲ್‌ನಲ್ಲಿ ಮನೆ ಮುಟ್ಟಿದರು. ಹೆಂಡತಿ ಮಗುವನ್ನು ಕರೆಸಿಕೊಳ್ಳಬೇಕೆಂದು ದಿನಾ ಹೇಳುತ್ತಿದ್ದರು. ಮೇ ತಿಂಗಳಲ್ಲಿ ತೀರಿಕೊಂಡರು. ಅವರ ತಾಯಿ ಇಂಡಿಯಾಕ್ಕೆ ಎರಡು ಕಾಗದ ಬರೆದರು. ಎರಡೂ ವಾಪಸ್. ಆ ಲಕೋಟೆಗಳನ್ನು ಆ ಮನೆಯವರು ಎಸೆದಿಲ್ಲ! ನಕಲು ಕಳಿಸಿದ್ದಾರೆ. ಮೇಲೆ ಗಣಿಯ ಅಂಚೆ ಕಚೇರಿಯ ಮುದ್ರೆ. ‘ವಿಳಾಸದಾರರು ಊರು ಬಿಟ್ಟಿದ್ದಾರೆ.’

ಒಂದು ಫೋಟೋ. ಬೂದು ಕಲ್ಲು, ಹಿಂದೆ ಸಮುದ್ರ. ಅಮ್ಮ ಭೂತಗನ್ನಡಿ ತಂದಳು. ‘ವಿಲಿಯಂ ಮೋವಟ್. ೧೧ ಮೇ ೧೯೨೫. ವಯಸ್ಸು ೩೮. ಇಂಡಿಯಾದಲ್ಲಿರುವ ಅವನ ಮಾರ್ತ ಮತ್ತು ಅವರ ಜ್ಯುವೆಲ್‌ಗೆ ದೇವರು ನೆರಳಾಗಿರಲಿ.’

ಎಫಿ ಬರೆದದ್ದು: ಜ್ಯುವೆಲ್ ಮೋವಟ್‌ಗಾಗಿ ನಾನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಲಂಡನ್ನಿನ ದಾಖಲೆಗಳಲ್ಲೂ ಹುಡುಕಿಸಿದೆ. ಆ ಹೆಸರಿನ ಮಗು ಎಲ್ಲೂ ಇಲ್ಲ. ಈಗ ನಿಮ್ಮ ಕಾಗದ ಬಂದಿದೆ. ನಿಮ್ಮ ಹೆಸರಿಗೆ ಏನಾದರೂ ಅರ್ಥ ಇದೆಯೇ, ದಯವಿಟ್ಟು ತಿಳಿಸಿ.

ಅಮ್ಮ ನಿಂತಳು. ಮತ್ತೆ ಓದಿದಳು.

“ರತ್ನ ಕಣೇ. ಜೀವರತ್ನ. ಮನೆಯವ್ರಿಗೆ ನಾಲಗೆ ಹೊರಳಲ್ಲ ಅಂತ ಅರ್ಥ ಮಾಡಿ ಹೇಳಿದಾರೆ ನಮ್ಮಪ್ಪ!”

ನಗಲು ಹೋದಳು. ನಗು ಅರ್ಧದಲ್ಲಿ ಬೇರೆ ಏನೋ ಆಯಿತು. ನನ್ನ ಹೆಗಲಿಗೆ ಮುಖ ಒತ್ತಿದಳು. ಎಪ್ಪತ್ತೈದು ವರ್ಷದ ಅಮ್ಮ ಎಷ್ಟು ಹಗುರ. ‘ಬಿಟ್ಟು ಹೋಗ್ಲಿಲ್ಲ, ಬಿಟ್ಟು ಹೋಗ್ಲಿಲ್ಲ’ ಅನ್ನುತ್ತಿದ್ದಳು. ಯಾರಿಗೆ ಹೇಳುತ್ತಿದ್ದಳು? ನನಗಲ್ಲ.

೨೨ ಜನವರಿ, ಬುಧವಾರ

ಸೆಕ್ಷನ್‌ನಲ್ಲಿ ಹೇಳಿದೆ. ಶಾಹುಲ್ ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಎಪ್ಪತ್ತು ವರ್ಷ ಲೇಟಾಗಿ ಡೆಲಿವರಿ! ಅಲ್ಲಾಹನ ಪೋಸ್ಟು ಮಾರಾಯ್ರೇ ಇದು. ನಿಮ್ಮ ಅಮ್ಮನಿಗೆ ನನ್ನ ಸಲಾಂ ಹೇಳಿ.”

ಮಿಸ್ ಬೇನ್ ಕಲ್ಲಿನ ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅವರ ಕಲ್ಲುಕಟ್ಟುವವನ ತಂದೆ ಇನ್ನೂ ಸಿಕ್ಕಿಲ್ಲ. ಬೇಜಾರಿಲ್ಲವೇ ಅಂದೆ. ನನ್ನವರು ಸತ್ತು ಇನ್ನೂರು ವರ್ಷ, ಅವರಿಗೆ ಅವಸರವಿಲ್ಲ ಎಂದರು. ನಾಳೆಯಿಂದ ಲಂಚ್‌ನಲ್ಲಿ ಅವರ ಜೊತೆ ನಾನೂ ಕೂರುತ್ತೇನೆ. ಇನ್ನೆಂಟು ಫಿಲ್ಮ್ ಬಂದಿದೆ.

೨೮ ಜನವರಿ, ಮಂಗಳವಾರ

ಮಿಸ್ ಬೇನ್ ಎಫಿಯವರ ಫೋನ್ ನಂಬರ್ ಹುಡುಕಿ ಮಾತಾಡಿದ್ದಾರೆ. ಶುಕ್ರವಾರ ಸಂಜೆ ನಾಲ್ಕಕ್ಕೆ — ಅಲ್ಲಿ ಮಧ್ಯಾಹ್ನ ಒಂದು — ಎಫಿಯವರೇ ಇಲ್ಲಿಗೆ ಮಾಡುತ್ತಾರೆ. ಒಂದು ಕಿವಿ ಕೇಳಿಸುವುದಿಲ್ಲವಂತೆ, ಗಟ್ಟಿಯಾಗಿ ಮಾತಾಡಬೇಕು.

ಅಮ್ಮನಿಗೆ ಗಾಬರಿ. “ನನ್ನ ಇಂಗ್ಲಿಷ್ ಪುಸ್ತಕದ ಇಂಗ್ಲಿಷು. ಅವ್ರಿಗೆ ತಿಳಿಯತ್ತೇನೇ?” ಏನೇನು ಕೇಳಬೇಕೆಂದು ಪಟ್ಟಿ ಮಾಡಿದ್ದಾಳೆ. ಹನ್ನೊಂದು ಪ್ರಶ್ನೆ. ಮೊದಲನೆಯದು: ಕೊನೆಯಲ್ಲಿ ಅವರಿಗೆ ತುಂಬ ನೋವಿತ್ತೇ?

೩೧ ಜನವರಿ, ಶುಕ್ರವಾರ. ಸಂಜೆ ೩-೪೦

ಅಮ್ಮ ಮಧ್ಯಾಹ್ನವೇ ತಲೆ ಬಾಚಿ, ನೀಲಿ ಅಂಚಿನ ಸೀರೆ ಉಟ್ಟು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡಿದ್ದಾಳೆ. ಫೋನಿನಲ್ಲಿ ಸೀರೆ ಕಾಣುವುದಿಲ್ಲ ಅತ್ತೆ ಎಂದ ಜೇಕಬ್‌ಗೆ, “ನಂಗೆ ಕಾಣತ್ತಲ್ಲ” ಎಂದಳು. ನಾನು ಸುಮ್ಮನೆ ಕೂರಲಾರದೆ ಇದನ್ನು ಬರೆಯುತ್ತಿದ್ದೇನೆ.

೪-೦೫. ಇಲ್ಲ.

೪-೧೨. ಫೋನ್! ಅಮ್ಮ ಎರಡು ರಿಂಗ್ ಬಿಟ್ಟು ಎತ್ತಿದಳು. “ಗುಡ್ ಆಫ್ಟರ್‌ನೂನ್” ಅಂದಳು. ಆ ಕಡೆಯ ಮಾತು ಇಲ್ಲಿಗೂ ಕೇಳುತ್ತಿದೆ, ಅಷ್ಟು ಗಟ್ಟಿ. ಪದ ತಿಳಿಯುತ್ತಿಲ್ಲ. ಅಮ್ಮನಿಗೂ ಎಷ್ಟು ತಿಳಿಯುತ್ತಿದೆಯೋ. ಯೆಸ್, ಯೆಸ್ ಅನ್ನುತ್ತಿದ್ದಾಳೆ. ಪಟ್ಟಿ ತೊಡೆಯ ಮೇಲೆ. ಅದರ ಕಡೆ ನೋಡುತ್ತಲೇ ಇಲ್ಲ.

ಈಗ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಕೇಳುತ್ತಿದ್ದಾಳೆ.

“ನಾಲ್ಕು” ಅಂದಳು. ಕನ್ನಡದಲ್ಲಿ! “ಐದು. ಆರು. ಏಳು.”

ಜೇಕಬ್ ನನ್ನ ಮುಖ ನೋಡುತ್ತಿದ್ದಾರೆ. ನನಗೂ ಗೊತ್ತಿಲ್ಲ. ಅಮ್ಮ ರಿಸೀವರಿಗೆ ಅಂಗೈ ಅಡ್ಡ ಹಿಡಿದು —

“ಒಂದು ಎರಡು ಮೂರು ಅಂದ್ರು ಕಣೇ ಅವ್ರು! ಆಗ ಐದು ವರ್ಷದ ಮಗುವಂತೆ. ಕಿಟಕಿ ಹತ್ರ ಮಲಗಿದ್ದ ನಮ್ಮಪ್ಪ ಎಣಿಸೋದು ಕಲ್ಸಿದ್ರಂತೆ. ಜ್ಯುವೆಲ್ ಬಂದಾಗ ಅವಳ ಜೊತೆ ಆಡೋಕೆ ಬೇಕಲ್ಲ ಅಂತ. ಮೂರರಿಂದ ಮುಂದೆ ಮರ್ತೋಗಿದ್ಯಂತೆ.”

ಮತ್ತೆ ಮೊದಲಿಂದ ಎಣಿಸುತ್ತಿದ್ದಾರೆ, ಇಬ್ಬರೂ. ಹತ್ತರವರೆಗೆ. ಅಮ್ಮ ಟೀಚರ ಹಾಗೆ ತಿದ್ದುತ್ತಿದ್ದಾಳೆ. “ನೋ, ನೋ. ಒಂಬತ್ತು.”

ಜೇಕಬ್ ಎದ್ದು ಬಾಲ್ಕನಿಗೆ ಹೋದರು.

೪-೩೦. ಅಮ್ಮ ಕೈ ಬೀಸುತ್ತಿದ್ದಾಳೆ. “ಪೆನ್ ಇದ್ಯಾ? ಅವ್ರ ಹತ್ರ ಎಲ್ಲಾ ಇದ್ಯಂತೆ, ಹಿಂದಿಂದೆಲ್ಲ. ನಾನು ಹೇಳ್ತೀನಿ, ಬರ್ಕೋ.” ಬೇರೆ ಕಾಗದ ಹುಡುಕಲು ಪುರುಸೊತ್ತಿಲ್ಲ. ಇಲ್ಲೇ ಬರೆಯುತ್ತೇನೆ.

ವಿಲಿಯಂನ ತಾಯಿ ಬಾರ್ಬರಾ. ಆ ಎರಡು ಕಾಗದ ಬರೆದವರು.

ಅವರ ತಾಯಿ ಕ್ರಿಸ್ಟಿನಾ. ಸೂಲಗಿತ್ತಿ. ತೊಂಬತ್ತೊಂದು ವರ್ಷ ಬದುಕಿದ್ದರು.

ಅವರ ತಾಯಿ — ನಿಧಾನ ಅಮ್ಮ, ಇನ್ನೊಂದ್ಸಲ ಹೇಳು — ಐಸೊಬೆಲ್, ಗಂಡ ಸಮುದ್ರದಲ್ಲಿ ಹೋದ, ಐದು ಮಕ್ಕಳು, ಹಿರಿಯವಳು — ಹೇಳು ಅಮ್ಮ, ಬರ್ಕೊಳ್ತಿದ್ದೀನಿ...